ಕಂಡದ್ದನ್ನು ಬರೆಯಲು ಬಿಡಿ

ಬೆಂಗಳೂರಿಗೆ ಹತ್ತಿರದ ಒಂದು ತಾಲ್ಲೂಕು ಕೇಂದ್ರದ ಕಾಲೇಜು. ಬಿ.ಎಸ್ಸಿ. ಮೊದಲ ಸೆಮಿಸ್ಟರ್. ಭೌತಶಾಸ್ತ್ರದ ಲ್ಯಾಬಿನಲ್ಲಿ ಹುಡುಗಿಯೊಬ್ಬಳು ಸರಳ ಲೋಲಕದ ಮುಂದೆ ನಿಂತಿದ್ದಾಳೆ. ದಾರದ ತುದಿಗೆ ಹಿತ್ತಾಳೆಯ ಗುಂಡು, ಕೈಯಲ್ಲಿ ಸ್ಟಾಪ್‌ವಾಚ್. ಪಿಯುಸಿಯಲ್ಲೇ ಮಾಡಿರಬೇಕಾದ ಪ್ರಯೋಗ. ಆದರೆ ಅಲ್ಲಿ ಲ್ಯಾಬಿನ ಬಾಗಿಲು ತೆರೆದದ್ದು ಪರೀಕ್ಷೆಗೆ ಎರಡು ವಾರ ಇರುವಾಗ. ಹಾಗಾಗಿ ಲೋಲಕವನ್ನು ಅವಳು ಸ್ವಂತ ಕೈಯಿಂದ ತೂಗಿಬಿಡುತ್ತಿರುವುದು ಇದೇ ಮೊದಲು. ಇಪ್ಪತ್ತು ಆಂದೋಲನ ಎಣಿಸುತ್ತಾಳೆ, ಸಮಯ ಬರೆದುಕೊಳ್ಳುತ್ತಾಳೆ, ದಾರದ ಉದ್ದ ಬದಲಿಸುತ್ತಾಳೆ, ಮತ್ತೆ ಎಣಿಸುತ್ತಾಳೆ. ಒಂದೂವರೆ ಗಂಟೆಯಾದ ಮೇಲೆ ಕೂತು ಲೆಕ್ಕ ಹಾಕುತ್ತಾಳೆ. ದಾರ 50 ಸೆಂಟಿಮೀಟರ್ ಇದ್ದಾಗ ಗುರುತ್ವ ವೇಗೋತ್ಕರ್ಷ 9.40 ಬಂದಿದೆ. 80 ಇದ್ದಾಗ 9.54. 100 ಇದ್ದಾಗ 9.59. ಪುಸ್ತಕದಲ್ಲಿರುವುದು 9.8. ಅವಳ ಮುಖ ಸಪ್ಪಗಾಯಿತು.

"ಸರ್, ಬರ್ತಾ ಇಲ್ಲ ಸರ್."

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಬರಿಯಮ್ಮ. 9.8 ಬರಬೇಕು. ಟೈಮಾಯ್ತು."

ಅವಳು ಅಡ್ಜಸ್ಟ್ ಮಾಡಿಕೊಂಡಳು. 9.8ರಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಷ್ಟೆಷ್ಟು ಸೆಕೆಂಡು ಬರಬೇಕಿತ್ತೆಂದು ಕಂಡುಕೊಂಡಳು. ತಾನು ಬರೆದ ಅಂಕಿಗಳನ್ನು ರಬ್ಬರಿನಿಂದ ಅಳಿಸಿ, ಹೊಸ ಅಂಕಿಗಳನ್ನು ತುಂಬಿದಳು. ಆ ಪುಟದ ಮೇಲೆ 'ಅವಲೋಕನ' ಎಂದು ಅಚ್ಚಾಗಿತ್ತು. ಕೆಳಗೆ ಮೇಷ್ಟ್ರ ಸಹಿ ಬಿತ್ತು.

ಆ ಮೇಷ್ಟ್ರನ್ನು ದೂರಿ ನಾನು ತಪ್ಪಿಸಿಕೊಳ್ಳಲಾರೆ. ಇಂಥ ಲ್ಯಾಬುಗಳಲ್ಲಿ ವರ್ಷಗಟ್ಟಲೆ ನಿಂತವನು ನಾನು. ಅಡ್ಜಸ್ಟ್ ಮಾಡ್ಕೋ ಎಂಬ ಮಾತನ್ನು ನಾನೂ ಹೇಳಿದ್ದೇನೆ. ಪರೀಕ್ಷಕನಾಗಿ ಹೋದ ಕಡೆ, ಅರವತ್ತು ರೆಕಾರ್ಡುಗಳಲ್ಲಿ ಒಂದೇ ಅಂಕಿಗಳ ಸಾಲು ಕಂಡೂ ಕಾಣದವನ ಹಾಗೆ ಸಹಿ ಹಾಕಿ ಬಂದಿದ್ದೇನೆ. ಆ ತಪ್ಪಿನ ಭಾರ ಇನ್ನು ಹೊರಲಾರೆ ಎನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ. ಸ್ಟಾಫ್‌ರೂಮಿನಲ್ಲಿ, ಆಡಳಿತ ಮಂಡಳಿಯ ಸಭೆಯಲ್ಲಿ, ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯಲ್ಲಿ, ಮಕ್ಕಳ ಮನೆಗಳಲ್ಲಿ, ಎಲ್ಲ ಕಡೆ ಅದೇ ಮಾತು: "ಪ್ರಾಕ್ಟಿಕಲ್ ತಾನೆ? ಮಾರ್ಕ್ಸ್ ಹೇಗೂ ಬರುತ್ತೆ. ಥಿಯರಿ ಓದ್ಕೊಳ್ಳಿ." ಪಾಠವೇ ವಿಜ್ಞಾನ, ಪ್ರಯೋಗವೆಂಬುದು ಅದರ ಬಾಲ, ಬಾಲ ಚಿಕ್ಕದಾದರೂ ಅಡ್ಡಿಯಿಲ್ಲ ಎಂಬುದು ಈ ನಂಬಿಕೆಯ ತಿರುಳು. ಇದನ್ನು ಯಾರೂ ಪ್ರಶ್ನಿಸುವುದಿಲ್ಲ, ಏಕೆಂದರೆ ಇದರಿಂದ ಎಲ್ಲರಿಗೂ ಅನುಕೂಲ. ಕಾಲೇಜಿಗೆ ಖರ್ಚು ಉಳಿಯುತ್ತದೆ, ಮೇಷ್ಟ್ರಿಗೆ ಶ್ರಮ ಉಳಿಯುತ್ತದೆ, ವಿದ್ಯಾರ್ಥಿಗೆ ಅಂಕ ಸಿಗುತ್ತದೆ, ವಿಶ್ವವಿದ್ಯಾಲಯಕ್ಕೆ ಫಲಿತಾಂಶ ಸಿಗುತ್ತದೆ.

ಈ ನಂಬಿಕೆಯ ಮೇಲಿನ ನನ್ನ ಆರೋಪ ಇದು. ವಿಜ್ಞಾನ ಕಾಲೇಜಿನಲ್ಲಿ ಲ್ಯಾಬು ಎಂಬ ಒಂದೇ ಒಂದು ಕೋಣೆಯಲ್ಲಿ ವಿದ್ಯಾರ್ಥಿ ತನ್ನ ಕಣ್ಣು ಕಂಡದ್ದನ್ನು ಹೇಳಬೇಕು, ಪುಸ್ತಕ ಹೇಳಿದ್ದನ್ನಲ್ಲ. ಸತ್ಯ ಹೇಳುವುದನ್ನು ಕೈಯಿಂದ ಕಲಿಯುವ ಕೋಣೆ ಅದು. ಅದೇ ಕೋಣೆಯನ್ನು ನಾವು ಸುಳ್ಳು ಬರೆಯುವ ಅಭ್ಯಾಸಶಾಲೆ ಮಾಡಿದ್ದೇವೆ. ಹದಿನೆಂಟು ವರ್ಷದ ಮಕ್ಕಳಿಗೆ ಸೆಮಿಸ್ಟರ್ ಮೇಲೆ ಸೆಮಿಸ್ಟರ್ ಸುಳ್ಳು ಬರೆಯಿಸಿ, ಸುಳ್ಳಿಗೆ ಅಂಕ ಕೊಟ್ಟು, ಕೊನೆಗೆ ಅವರ ಕೈಗೆ ವಿಜ್ಞಾನ ಪದವಿಯ ಪ್ರಮಾಣಪತ್ರ ಇಡುತ್ತೇವೆ.

ಮಾತು ಕಠಿಣವಾಯಿತು ಎನ್ನುವವರು ರಸಾಯನಶಾಸ್ತ್ರದ ಲ್ಯಾಬಿಗೆ ಬನ್ನಿ. ಆಕ್ಸಾಲಿಕ್ ಆಮ್ಲದ ವಿರುದ್ಧ ಪೊಟ್ಯಾಸಿಯಂ ಪರ್ಮಾಂಗನೇಟಿನ ಟೈಟ್ರೇಶನ್ ನಡೆಯುತ್ತಿದೆ. ಬ್ಯೂರೆಟ್ಟಿನ ಅಳತೆ 0.1 ಮಿಲಿಲೀಟರಿನದು. ಮನುಷ್ಯನ ಕೈ ಮೂರು ಸಲ ಮಾಡಿದರೆ 10.1, 10.3, 10.2 ಹೀಗೆ ಬರುವುದು ಸಹಜ. ರೆಕಾರ್ಡುಗಳನ್ನು ತೆರೆದು ನೋಡಿ: 10.2, 10.2, 10.2. ಇಡೀ ಬ್ಯಾಚಿನಲ್ಲಿ ಒಂದು ಕೈಯೂ ನಡುಗಿಲ್ಲ, ಒಂದು ಹನಿಯೂ ಹೆಚ್ಚು ಬಿದ್ದಿಲ್ಲ. ಪರ್ಮಾಂಗನೇಟಿನ ಬಣ್ಣ ಗಾಢವಾದ್ದರಿಂದ ದ್ರವದ ಕೆಳಬಾಗು ಕಾಣುವುದಿಲ್ಲ, ಮೇಲಂಚನ್ನೇ ಓದಬೇಕು. ಈ ಸಣ್ಣ ಸಂಗತಿ ಬ್ಯೂರೆಟ್ಟಿನ ಮುಂದೆ ಬಗ್ಗಿ ಕಣ್ಣಿಟ್ಟವರಿಗೆ ಮಾತ್ರ ಗೊತ್ತು. ಮೂರು ವರ್ಷ ರಸಾಯನಶಾಸ್ತ್ರ ಓದಿದ ವಿದ್ಯಾರ್ಥಿಯನ್ನು ವೈವಾದಲ್ಲಿ ಇದೊಂದನ್ನು ಕೇಳಿ ನೋಡಿ. ಬ್ಯೂರೆಟ್ಟನ್ನು ಅವನು ಎಷ್ಟು ಸಲ ಮುಟ್ಟಿದ್ದಾನೆಂದು ಅವನ ಮೌನವೇ ಹೇಳುತ್ತದೆ.

ಆಮ್ಲ ಸಾಲದೆ ಹೋದಾಗ ಫ್ಲಾಸ್ಕಿನಲ್ಲಿ ಕಂದು ಬಣ್ಣದ ಬಗ್ಗಡ ಎದ್ದರೆ ಏನು ಮಾಡುತ್ತೇವೆ? "ಚೆಲ್ಲು, ಬೇರೆ ತಗೋ" ಎನ್ನುತ್ತೇವೆ. ಆ ಬಗ್ಗಡವೇ ಅಂದಿನ ಪಾಠ. ಮ್ಯಾಂಗನೀಸು ಕೆಳಗಿನ ಮೆಟ್ಟಿಲವರೆಗೆ ಇಳಿಯಲಾರದೆ ನಡುವೆ ಡೈಆಕ್ಸೈಡಾಗಿ ನಿಂತುಬಿಟ್ಟಿದೆ ಎಂದು ಮಗು ಕಣ್ಣಾರೆ ಕಾಣಬಹುದಾದ ಗಳಿಗೆ ಅದು. ಅದನ್ನೇ ಸಿಂಕಿಗೆ ಸುರಿಸುತ್ತೇವೆ. ಲವಣ ವಿಶ್ಲೇಷಣೆಯ ಪರೀಕ್ಷೆಯಲ್ಲಿ ಲವಣದ ಹೆಸರನ್ನು ಅಟೆಂಡರ್ ಬಾಯಿಂದ ಹೇಗಾದರೂ ಹೊರಡಿಸಿಕೊಂಡು, ಮಾಡದ ಪರೀಕ್ಷೆಗಳ ಫಲಿತಾಂಶವನ್ನು ಸಾಲಾಗಿ ಬರೆಯುವುದು ಎಷ್ಟು ಹಳೆಯ ಪದ್ಧತಿಯೆಂದರೆ, ತಂದೆ ತನ್ನ ಕಾಲದ ಕಥೆಯೆಂದು ಮಗನಿಗೆ ಹೇಳಿಕೊಳ್ಳುವಷ್ಟು. ನಗುತ್ತ ಹೇಳಿಕೊಳ್ಳುವ ಆ ಕಥೆ ಒಂದು ಪ್ರಶ್ನೆಪತ್ರಿಕೆ ಸೋರಿಕೆ. ಥಿಯರಿ ಪತ್ರಿಕೆ ಸೋರಿದರೆ ಬೀದಿಗೆ ಇಳಿಯುವ ನಾವು ಇದನ್ನೇಕೆ ಸಹಿಸುತ್ತೇವೆ?

ಒಂದೆರಡು ಅಂಕಿ ತಿದ್ದಿದರೆ ಏನು ಮಹಾ ಎನ್ನುವವರಿಗೆ ಗಾಳಿಯ ಒಂದು ಕಥೆ ಹೇಳಬೇಕು. 1890ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿ ನೈಟ್ರೊಜನ್ ಅನಿಲವನ್ನು ಗಾಜಿನ ಗೋಳದಲ್ಲಿ ತುಂಬಿ ತೂಗುತ್ತಿದ್ದರು. ಗಾಳಿಯಿಂದ ಪಡೆದ ನೈಟ್ರೊಜನ್ 2.310 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ ನೈಟ್ರೊಜನ್ ಅದೇ ಗೋಳದಲ್ಲಿ 2.299 ಗ್ರಾಂ ತೂಗಿತು. ವ್ಯತ್ಯಾಸ ಹನ್ನೊಂದು ಮಿಲಿಗ್ರಾಂ, ಶೇಕಡ ಅರ್ಧದಷ್ಟು. ನಮ್ಮ ಲ್ಯಾಬಿನಲ್ಲಾದರೆ ಅದು ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ ರಬ್ಬರ್ ಕೈಗೆ ಬರುತ್ತದೆ. ರೇಲಿ ಅದನ್ನು ಅಳಿಸಲಿಲ್ಲ. ಇಂಥ ವ್ಯತ್ಯಾಸ ಮೊದಲು ಕಂಡಾಗಲೇ, 1892ರಲ್ಲಿ, 'ನೇಚರ್' ಪತ್ರಿಕೆಗೆ ಕಾಗದ ಬರೆದು, ಇದಕ್ಕೆ ಕಾರಣ ತಿಳಿದವರು ಹೇಳಿ ಎಂದು ಕೇಳಿದರು. ಆ ಹನ್ನೊಂದು ಮಿಲಿಗ್ರಾಮಿನ ಬೆನ್ನು ಹತ್ತಿದ ರೇಲಿ ಮತ್ತು ರಸಾಯನಶಾಸ್ತ್ರಜ್ಞ ರ‍್ಯಾಮ್ಸೆ 1894ರಲ್ಲಿ ಆರ್ಗಾನ್ ಎಂಬ ಹೊಸ ಮೂಲವಸ್ತುವನ್ನೇ ಕಂಡರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಅದೇ ಇದೆ. ಅಷ್ಟು ದಿನ ಎಲ್ಲರ ಮೂಗಿನೊಳಗೆ ಹೋಗಿ ಬರುತ್ತಿದ್ದ ವಸ್ತು, ಅಂಕಿಯನ್ನು ತಿದ್ದದ ಒಬ್ಬರ ಕೈಗೆ ಸಿಕ್ಕಿತು. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ರೇಲಿಗೆ ಭೌತಶಾಸ್ತ್ರದಲ್ಲಿ, ರ‍್ಯಾಮ್ಸೆಗೆ ರಸಾಯನಶಾಸ್ತ್ರದಲ್ಲಿ.

ಬರಬೇಕಾದ ಉತ್ತರ ಮೊದಲೇ ತಲೆಯಲ್ಲಿ ಕೂತರೆ ಪಳಗಿದ ವಿಜ್ಞಾನಿಗಳೂ ಜಾರುತ್ತಾರೆ. ಎಲೆಕ್ಟ್ರಾನಿನ ಆವೇಶವನ್ನು ಎಣ್ಣೆಹನಿ ಪ್ರಯೋಗದಿಂದ ಅಳೆದ ಮಿಲಿಕನ್, ಗಾಳಿಯ ಸ್ನಿಗ್ಧತೆಯ ತಪ್ಪು ಬೆಲೆ ಬಳಸಿದ್ದರಿಂದ ಅವರ ಉತ್ತರ ಸ್ವಲ್ಪ ಕಡಿಮೆ ಬಂದಿತ್ತು. ಅನಂತರ ಅಳೆದವರು ಒಮ್ಮೆಗೇ ಸರಿಯಾದ ಬೆಲೆಗೆ ಬರಲಿಲ್ಲ. ಒಬ್ಬರದು ಸ್ವಲ್ಪ ಹೆಚ್ಚು, ಮುಂದಿನವರದು ಇನ್ನೂ ಸ್ವಲ್ಪ ಹೆಚ್ಚು, ಹೀಗೆ ತೆವಳುತ್ತ ಬಂದರು. ಮಿಲಿಕನ್‌ಗಿಂತ ತೀರ ದೂರದ ಉತ್ತರ ಬಂದಾಗ ತಪ್ಪು ಹುಡುಕುತ್ತಿದ್ದರು, ಹತ್ತಿರದ್ದು ಬಂದಾಗ ಹುಡುಕುತ್ತಿರಲಿಲ್ಲ. 1974ರಲ್ಲಿ ಕ್ಯಾಲ್‌ಟೆಕ್‌ನ ಪದವೀಧರರ ಮುಂದೆ ಭೌತವಿಜ್ಞಾನಿ ರಿಚರ್ಡ್ ಫೈನ್ಮನ್ ಈ ಕಥೆ ಹೇಳಿ, ನಿಮ್ಮನ್ನು ನೀವೇ ಮೋಸಗೊಳಿಸಿಕೊಳ್ಳದಂತೆ ಎಚ್ಚರವಿರಲಿ ಎಂಬ ಅರ್ಥದ ಬುದ್ಧಿಮಾತು ಹೇಳಿದರು. ವಿಜ್ಞಾನಿಗಳು ಜೀವನಪರ್ಯಂತ ಹೋರಾಡಿ ಗೆಲ್ಲಬೇಕಾದ ದೌರ್ಬಲ್ಯ ಅದು. ನಾವು ಅದನ್ನೇ ಕೌಶಲವೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ.

ಈ ಕೇಡು ಪದವಿ ಕಾಲೇಜಿನಲ್ಲಿ ಹುಟ್ಟಿದ್ದಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಒಪ್ಪುತ್ತೇನೆ. ಪಿಯುಸಿಯಲ್ಲಿ ವಿಜ್ಞಾನ ವಿಷಯದ 100 ಅಂಕಗಳಲ್ಲಿ 30 ಪ್ರಾಯೋಗಿಕಕ್ಕೆ ಮೀಸಲು. ಆದರೆ ನೀಟ್ ಬ್ಯೂರೆಟ್ ಹಿಡಿಯಲು ಬರುತ್ತದೆಯೇ ಎಂದು ಕೇಳುವುದಿಲ್ಲ, ಸಿಇಟಿಯೂ ಕೇಳುವುದಿಲ್ಲ. ಕೇಳದ ಮೇಲೆ ಲ್ಯಾಬಿನ ಸಮಯವನ್ನು ಕೋಚಿಂಗಿಗೆ ಕೊಟ್ಟು, ಆ 30 ಅಂಕಗಳನ್ನು ಪ್ರಸಾದದ ಹಾಗೆ ಹಂಚುವ ಕಾಲೇಜುಗಳು ಬೆಳೆದವು. ಅಲ್ಲಿಂದ ಬಂದ ಮಗುವಿಗೆ ಬೆಂಕಿಕಡ್ಡಿ ಗೀರಿ ಬರ್ನರ್ ಹೊತ್ತಿಸಲು ಭಯ. ನಿಜ. ಹಾಗಾದರೆ ಅದನ್ನು ಸರಿಪಡಿಸುವ ಕೊನೆಯ ಅವಕಾಶ ಪದವಿ ಕಾಲೇಜಿಗಲ್ಲದೆ ಇನ್ನಾರಿಗಿದೆ? ಕೆಳಗಿನವರು ಕಲಿಸಲಿಲ್ಲ ಎಂದು ನಾವೂ ಕಲಿಸದಿದ್ದರೆ, ಅದೇ ಮಗು ನಾಳೆ ಬಿ.ಎಡ್. ಮಾಡಿಕೊಂಡು ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಹೋಗುತ್ತಾಳೆ. ಅವಳ ಶಾಲೆಯ ಬೀರುವಿನೊಳಗಿನ ಪರೀಕ್ಷಾನಳಿಕೆಗಳು ಧೂಳು ಹಿಡಿದು ಕೂರುತ್ತವೆ. ಕೆಳಗಿನವರೆಂದು ನಾವು ದೂರುವವರು ನಮ್ಮ ಲ್ಯಾಬಿನಿಂದಲೇ ಹೋದವರು.

ಇನ್ನು ದುಡ್ಡಿಲ್ಲ, ಸಲಕರಣೆಯಿಲ್ಲ ಎಂಬ ನೆಪ. ನಮ್ಮ ಭೌತಶಾಸ್ತ್ರ ವಿಭಾಗಗಳಲ್ಲೆಲ್ಲ ಒಂದು ಸ್ಪೆಕ್ಟ್ರೋಮೀಟರ್ ಇರುತ್ತದೆ, ಪಕ್ಕದಲ್ಲೊಂದು ಗಾಜಿನ ಪ್ರಿಸಮ್. ಪ್ರಿಸಮ್ಮಿನ ಕೋನ ಅಳೆಯುವುದು ಪ್ರತಿ ವಿದ್ಯಾರ್ಥಿಯೂ ಮಾಡುವ ಪ್ರಯೋಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಥದೇ ಸ್ಪೆಕ್ಟ್ರೋಮೀಟರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಹುಡುಗನೊಬ್ಬನಿಗೆ, ಬೆಳಕು ಪ್ರಿಸಮ್ಮಿನ ಮುಖಕ್ಕೆ ಓರೆಯಾಗಿ ಬಿದ್ದಾಗ ಕಾಣುವ ಪಟ್ಟಿಗಳು ಎರಡೂ ಕಡೆ ಸಮನಾಗಿಲ್ಲ ಎನಿಸಿತು. ಪುಸ್ತಕ ಸಮ ಎನ್ನುತ್ತಿತ್ತು, ಕಣ್ಣು ಅಲ್ಲ ಎನ್ನುತ್ತಿತ್ತು. ಹುಡುಗ ಕಣ್ಣನ್ನು ನಂಬಿದ. ಅದರ ಮೇಲೆ ಅವನು ಬರೆದ ಲೇಖನ 1906ರ ನವೆಂಬರಿನಲ್ಲಿ ಲಂಡನ್ನಿನ 'ಫಿಲಾಸಫಿಕಲ್ ಮ್ಯಾಗಜೀನ್'ನಲ್ಲಿ ಅಚ್ಚಾಯಿತು. ಹುಡುಗನ ಹೆಸರು ಸಿ.ವಿ. ರಾಮನ್. ವಯಸ್ಸು ಹದಿನೆಂಟು. ಇಪ್ಪತ್ತೆರಡು ವರ್ಷಗಳ ನಂತರ, 1928ರ ಮಾರ್ಚ್ 16ರಂದು, ತಮ್ಮ ಹೊಸ ವಿಕಿರಣದ ವಿವರವನ್ನು ಅವರು ಜನರ ಮುಂದಿಟ್ಟದ್ದು ನಮ್ಮ ಬೆಂಗಳೂರಿನ ಸಭೆಯಲ್ಲೇ. ಪ್ರತಿ ಫೆಬ್ರವರಿ 28ಕ್ಕೆ ರಾಮನ್ನರ ಚಿತ್ರಕ್ಕೆ ಹಾರ ಹಾಕಿ ವಿಜ್ಞಾನ ದಿನ ಆಚರಿಸುವ ಕಾಲೇಜಿನ ಲ್ಯಾಬಿನಲ್ಲಿ, ಅಂದು ರಾಮನ್ ಇದ್ದಿದ್ದರೆ ಅವರಿಗೆ ಸಿಗುತ್ತಿದ್ದ ಉತ್ತರ ಯಾವುದು? "ಎರಡೂ ಕಡೆ ಸಮ ಅಂತ ಬರಿಯಪ್ಪ, ಟೈಮಾಯ್ತು."

ದುಡ್ಡಿನ ಕೊರತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ದಾರ, ಗುಂಡು, ಗಡಿಯಾರಕ್ಕೆ ದುಡ್ಡೇಕೆ? ಮೈಸೂರಿನಲ್ಲಿ ನೆಲೆಸಿದ್ದ ಪ್ರೊ. ಆರ್. ಶ್ರೀನಿವಾಸನ್ ಅವರು ನಿವೃತ್ತಿಯ ನಂತರ ಕಡಿಮೆ ಖರ್ಚಿನ ಭೌತಶಾಸ್ತ್ರ ಪ್ರಯೋಗಗಳನ್ನು ರೂಪಿಸಿದರು, ಒಂದು ಪೆಟ್ಟಿಗೆಯಲ್ಲಿ ಅಡಕವಾಗುವ ಸಲಕರಣೆ ತಯಾರಿಸಿದರು, ವಿಜ್ಞಾನ ಅಕಾಡೆಮಿಗಳ ನೆರವಿನಿಂದ ದೇಶದ ಹಲವು ಕಡೆ ಕಾಲೇಜು ಅಧ್ಯಾಪಕರಿಗೆ ಶಿಬಿರ ನಡೆಸಿದರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸ್ಟಾರ್ ಕಾಲೇಜ್ ಯೋಜನೆ 2008ರಿಂದ ಪದವಿ ಕಾಲೇಜುಗಳ ಲ್ಯಾಬುಗಳಿಗೆಂದೇ ಇದೆ. ದಾರಿ ತೋರಿದವರು ನಮ್ಮ ನಡುವೆಯೇ ಇದ್ದರು. ಆ ದಾರಿಯಲ್ಲಿ ನಡೆಯುವ ಹಂಬಲ ನಮ್ಮಲ್ಲಿ ಬತ್ತಿಹೋಯಿತು.

ಈಗ ಹೊಸ ನೆಪವೊಂದು ಸೇರಿದೆ: "ವರ್ಚುವಲ್ ಲ್ಯಾಬ್ ಇದೆಯಲ್ಲ, ಕಂಪ್ಯೂಟರಿನಲ್ಲಿ ಎಲ್ಲವನ್ನೂ ತೋರಿಸಬಹುದು." ಕೊರೊನಾ ಕಾಲದಲ್ಲಿ ಕಾಲೇಜು ಮುಚ್ಚಿದ್ದಾಗ ಅದು ಆಸರೆಯಾಯಿತು, ನಿಜ. ಕಷ್ಟಕಾಲದ ಆಸರೆಯನ್ನು ನಿತ್ಯದ ಊಟ ಮಾಡಿಕೊಳ್ಳಬಹುದೇ? ಪರದೆಯ ಮೇಲಿನ ಲೋಲಕ ಗಾಳಿಗೆ ಓಲಾಡುವುದಿಲ್ಲ, ಅದರ ದಾರ ಜಗ್ಗುವುದಿಲ್ಲ. ಪರದೆಯ ಫ್ಲಾಸ್ಕಿನಲ್ಲಿ, ಹಾಗೆ ಬರೆದಿಟ್ಟಿದ್ದರೆ ಹೊರತು, ಕಂದು ಬಗ್ಗಡ ಏಳುವುದಿಲ್ಲ. ಸೂತ್ರವನ್ನು ಒಳಗಿಟ್ಟು ಮಾಡಿದ ಯಂತ್ರ ಆ ಸೂತ್ರವನ್ನೇ ಹೊರಗೆ ಹಾಕುತ್ತದೆ. ಪ್ರಕೃತಿ ಹಾಗಲ್ಲ, ಅದು ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತದೆ. ಆ ಕೇಳದ ಉತ್ತರಗಳಲ್ಲೇ ವಿಜ್ಞಾನ ಬೆಳೆದಿರುವುದು.

ಪ್ರಾಣಿಶಾಸ್ತ್ರದಲ್ಲೂ ಇದೇ ಆಯಿತು. 2014ರಲ್ಲಿ ಯುಜಿಸಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಿ ಎಂದಿತು. ಕಪ್ಪೆಯ ಜೀವ ಉಳಿದದ್ದು ಒಳ್ಳೆಯದೇ. ಕೊಯ್ಯುವುದು ನಿಂತ ಮೇಲೆ ಮಕ್ಕಳನ್ನು ಕೆರೆಯಂಗಳಕ್ಕೆ ಕರೆದೊಯ್ಯಬೇಕಿತ್ತು. ಮಳೆಗಾಲದಲ್ಲಿ ಕಪ್ಪೆ ಎಲ್ಲಿ ಮೊಟ್ಟೆಯಿಡುತ್ತದೆ, ಗೊದಮೊಟ್ಟೆಗೆ ಕಾಲು ಮೂಡಲು ಎಷ್ಟು ದಿನ ಬೇಕು ಎಂದು ದಿನಚರಿ ಬರೆಸಬೇಕಿತ್ತು. ಕಾಲೇಜಿನ ಹಿಂದಿನ ಮೋರಿಯಲ್ಲಿ ಸೊಳ್ಳೆಮರಿ ಎಣಿಸಿದ್ದರೂ ಊರಿಗೆ ಉಪಕಾರವಾಗುತ್ತಿತ್ತು. ಅದರ ಬದಲು ನಾವು ಗೋಡೆಗೆ ಚಾರ್ಟ್ ತೂಗುಹಾಕಿದೆವು. ಚಾರ್ಟ್ ನೋಡಿ ಚಿತ್ರ ಬರೆದರೆ ಅದೇ ಪ್ರಾಯೋಗಿಕ. ಸತ್ತ ಕಪ್ಪೆಯೂ ಹೋಯಿತು, ಜೀವಂತ ಕಪ್ಪೆಯೂ ಬರಲಿಲ್ಲ.

ಸರ್ಕಾರಗಳ ಪಾಲನ್ನು ಹೇಳದೆ ಬಿಡಲಾರೆ. 2021ರಲ್ಲಿ ಕರ್ನಾಟಕ ದೇಶಕ್ಕೇ ಮೊದಲಾಗಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿ ಮಾಡಿ ಪದವಿಯನ್ನು ನಾಲ್ಕು ವರ್ಷದ್ದಾಗಿಸಿತು. 2024ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ಮೂರೇ ವರ್ಷಗಳಲ್ಲಿ ಎರಡು ಸಲ ಪಠ್ಯಕ್ರಮ ತಿರುವುಮುರುವಾಯಿತು. ಎರಡೂ ಸಲ ವಾದ ನಡೆದದ್ದು ವರ್ಷ ಎಷ್ಟು, ಕ್ರೆಡಿಟ್ ಎಷ್ಟು, ಭಾಷೆಗೆ ಎಷ್ಟು, ಐಚ್ಛಿಕ ಯಾವುದು ಎಂಬುದರ ಮೇಲೆ. ಲ್ಯಾಬಿನ ಮೇಜಿನ ಮೇಲೆ ಏನು ನಡೆಯುತ್ತಿದೆ ಎಂದು ಅಧಿಕಾರಸ್ಥರು ಯಾರಾದರೂ ಕೇಳಿದರೇ? ಕ್ರೆಡಿಟ್ಟಿನ ಲೆಕ್ಕವನ್ನೇ ನೋಡಿ: ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಪ್ರಯೋಗಕ್ಕೂ ಒಂದೇ ಕ್ರೆಡಿಟ್. ಕಿವಿಯಿಂದ ಕೇಳಿದ್ದಕ್ಕಿಂತ ಕೈಯಿಂದ ಮಾಡಿದ್ದು ಅರ್ಧ ಬೆಲೆಯದು ಎಂದು ನಿಯಮವೇ ಸಾರುತ್ತಿದೆ.

ಸರ್ಕಾರಿ ಕಾಲೇಜುಗಳ ಬೋಧನೆಯ ದೊಡ್ಡ ಭಾರವನ್ನು ಹೊತ್ತಿರುವವರು ಸಾವಿರಾರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದ ವ್ಯಕ್ತಿಯನ್ನು, ಕೆಟ್ಟುಹೋದ ಸಲಕರಣೆ ರಿಪೇರಿ ಮಾಡಿಸು, ಹೊಸ ಪ್ರಯೋಗ ಹೂಡು ಎಂದು ಯಾವ ಬಾಯಿಂದ ಕೇಳುವುದು? ಇನ್ನು ಲ್ಯಾಬ್ ಅಟೆಂಡರ್. ಯಾವ ಬಾಟಲಿಯಲ್ಲಿ ಏನಿದೆ, ಯಾವ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ, ದ್ರಾವಣ ಎಷ್ಟು ದಿನ ಬಾಳುತ್ತದೆ ಎಂಬುದೆಲ್ಲ ಅವನ ಬೆರಳ ತುದಿಯಲ್ಲಿರುತ್ತಿತ್ತು. ಅಂಥ ಹಿರಿಯ ಅಟೆಂಡರ್ ನಿವೃತ್ತನಾದರೆ ಆ ಹುದ್ದೆ ಎಷ್ಟೋ ಕಡೆ ಖಾಲಿಯಾಗಿಯೇ ಉಳಿಯುತ್ತದೆ. ಅವನ ಜೊತೆ ಲ್ಯಾಬಿನ ಅರ್ಧ ನೆನಪು ಹೊರಟುಹೋಗುತ್ತದೆ.

ಇದರ ಬೇರು ಇನ್ನೂ ಆಳದಲ್ಲಿದೆ. ಕೈ ಕೊಳೆ ಮಾಡಿಕೊಳ್ಳುವ ಕೆಲಸ ಕೀಳು, ಬಾಯಿಪಾಠ ಮೇಲು ಎಂಬ ಜಾತಿಯ ರೋಗ ನಮ್ಮ ಕಾಲೇಜುಗಳಿಗೂ ಅಂಟಿದೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಪ್ರಫುಲ್ಲಚಂದ್ರ ರಾಯ್ 1902 ಮತ್ತು 1909ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಈ ರೋಗವನ್ನು ಹೆಸರಿಟ್ಟು ತೋರಿಸಿದ್ದಾರೆ. ಕುಶಲಕರ್ಮಗಳನ್ನು ಕೆಳಜಾತಿಗಳಿಗೆ ಬಿಟ್ಟು ಓದುಬಲ್ಲವರು ಕೈಕೆಲಸದಿಂದ ದೂರ ಸರಿದಾಗ ಈ ನೆಲದಲ್ಲಿ ವಿಜ್ಞಾನದ ಚೈತನ್ಯ ಕುಗ್ಗಿತು ಎಂಬುದು ಅವರ ವಾದ. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಕಾಯಕವನ್ನು ಕೊಂಡಾಡುವ ನಾಡಿನಲ್ಲಿ ಇಂದಿಗೂ "ಥಿಯರಿ ಮೇಷ್ಟ್ರು" ಎಂದರೆ ಗೌರವ, ಪ್ರಾಕ್ಟಿಕಲ್ ಬ್ಯಾಚ್ ಹೊಸಬರ ತಲೆಗೆ.

ಇದರ ಬೆಲೆ ತೆರುವವರು ಯಾರು? ಅನುಕೂಲಸ್ಥರ ಮಕ್ಕಳು ಎಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಹೋದರು. ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ತರಗತಿಯಲ್ಲಿ ಕೂತಿರುವವರಲ್ಲಿ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು, ಮನೆಯಲ್ಲಿ ಮೊದಲ ಸಲ ಪದವಿಯ ಮೆಟ್ಟಿಲು ಹತ್ತಿದವರು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರೇ ಬಹಳ. ಇಂಗ್ಲಿಷ್ ಪಠ್ಯಪುಸ್ತಕ ಅವರಿಗೆ ಗೋಡೆ. ಆ ಗೋಡೆಯಲ್ಲಿ ಇರುವ ಒಂದೇ ಬಾಗಿಲು ಲ್ಯಾಬು, ಏಕೆಂದರೆ ಕೈಗೆ ಇಂಗ್ಲಿಷ್ ಬೇಕಿಲ್ಲ. ತೋಟದಲ್ಲಿ ಕಸಿ ಕಟ್ಟಿದ ಕೈ ಸಸ್ಯಶಾಸ್ತ್ರದ ಬ್ಲೇಡನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿಯುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿದ ಹುಡುಗ ವಿದ್ಯುತ್ ಮಂಡಲವನ್ನು ಎಲ್ಲರಿಗಿಂತ ಬೇಗ ಜೋಡಿಸುತ್ತಾನೆ. ಅವರು ಗೆಲ್ಲಬಹುದಾದ ಜಾಗವನ್ನೇ ನಾವು ನಕಲು ಬರೆಯುವ ಜಾಗ ಮಾಡಿ ಅವರ ಬಾಗಿಲಿಗೆ ಬೀಗ ಹಾಕಿದೆವು.

ಪದವಿ ಮುಗಿಸಿ ಅವರು ಹೋಗುವುದೆಲ್ಲಿಗೆ? ನಂಜನಗೂಡು, ಜಿಗಣಿಗಳ ಔಷಧ ಕಾರ್ಖಾನೆಗಳಿಗೆ, ಆಹಾರ, ಹಾಲು, ನೀರಿನ ಗುಣಮಟ್ಟ ನೋಡುವ ಲ್ಯಾಬುಗಳಿಗೆ, ಆಸ್ಪತ್ರೆಯ ರಕ್ತಪರೀಕ್ಷೆಯ ಮೇಜಿಗೆ. ಅಲ್ಲಿ ಅಡ್ಜಸ್ಟ್ ಮಾಡಿದ ಅಂಕಿ ರೋಗಿಯ ಮೈಗೆ ಸೇರುತ್ತದೆ. 2013ರಲ್ಲಿ ರ‍್ಯಾನ್‌ಬಾಕ್ಸಿ ಕಂಪನಿಯ ಅಮೆರಿಕದ ಅಂಗಸಂಸ್ಥೆ, ಗುಣಮಟ್ಟವಿಲ್ಲದ ಔಷಧ ಮತ್ತು ಸುಳ್ಳು ಮಾಹಿತಿಯ ಆರೋಪಗಳಲ್ಲಿ ಅಲ್ಲಿನ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡಿತು. ಪ್ರಕರಣ ಇತ್ಯರ್ಥವಾದದ್ದು 50 ಕೋಟಿ ಡಾಲರಿಗೆ. ಆ ಪ್ರಕರಣಕ್ಕೆ ಕಾಲೇಜುಗಳೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಮೂರು ವರ್ಷ ಸುಳ್ಳು ಅಂಕಿಗೆ ಸಹಿ ಪಡೆದು ಪಳಗಿದ ಕೈ, ಕಾರ್ಖಾನೆಯ ಗೇಟು ದಾಟಿದ ಕ್ಷಣ ಪ್ರಾಮಾಣಿಕವಾಗಿಬಿಡುತ್ತದೆ ಎಂದು ನಂಬುವುದು ಹೇಗೆ?

1976ರಲ್ಲಿ ಸಂವಿಧಾನಕ್ಕೆ ತಂದ 42ನೇ ತಿದ್ದುಪಡಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯವಾಗಿಸಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ನೇಮಿಸಿದರು. ಅವರು ಭೌತಶಾಸ್ತ್ರದ ಮೇಷ್ಟ್ರು. ತೋರಿಸಿದ್ದನ್ನು ಪರೀಕ್ಷೆಗೊಡ್ಡದೆ ಒಪ್ಪಬಾರದು ಎಂಬ ಛಲವನ್ನು ಲ್ಯಾಬಿನಿಂದ ಸಮಾಜಕ್ಕೆ ಒಯ್ದವರು. ಅವರ ನಾಡಿನ ವಿಜ್ಞಾನ ಪದವೀಧರ ಇಂದು ಮೊಬೈಲಿಗೆ ಬಂದ ಸುಳ್ಳನ್ನು ಕಣ್ಣುಮುಚ್ಚಿ ಮುಂದಕ್ಕೆ ಕಳಿಸಿದರೆ ಬೆರಗಾಗುವುದೇಕೆ? ಸ್ವಂತ ಕಣ್ಣಿಗಿಂತ ಅಚ್ಚಾದ ಅಂಕಿ ದೊಡ್ಡದು ಎಂದು ಅವನಿಗೆ ಕಲಿಸಿದವರು ನಾವೇ ಅಲ್ಲವೇ?

ಸಾಕು. ಇದನ್ನು ನಿಲ್ಲಿಸಬೇಕು, ಇದೇ ಸೆಮಿಸ್ಟರಿನಿಂದ.

ಮೊದಲು, ಉತ್ತರಕ್ಕೆ ಅಂಕ ಕೊಡುವುದನ್ನು ಬಿಡಿ. ಅಂಕ ಇರಬೇಕಾದದ್ದು ಅಳತೆಯ ಎಚ್ಚರಕ್ಕೆ, ಉತ್ತರ ಎಷ್ಟು ಆಚೀಚೆ ಹೋಗಬಹುದೆಂಬ ಅಂದಾಜಿಗೆ, ಬಂದದ್ದು ಏಕೆ ಹಾಗೆ ಬಂತೆಂಬ ವಿವರಣೆಗೆ. 9.59 ಬರೆದು ಕಾರಣ ಹುಡುಕಿದವಳಿಗೆ, 9.80 ಬರೆದು ಸುಮ್ಮನೆ ಕೂತವಳಿಗಿಂತ ಹೆಚ್ಚು ಅಂಕ ಸಿಗಲಿ. ಎರಡನೆಯದಾಗಿ, ಮನೆಯಲ್ಲಿ ಕೂತು ಅಂದವಾಗಿ ನಕಲಿಸುವ ರೆಕಾರ್ಡನ್ನು ರದ್ದು ಮಾಡಿ. ಒಂದೇ ಪುಸ್ತಕ ಇರಲಿ, ಅದು ಲ್ಯಾಬಿನಲ್ಲೇ ಪೆನ್ನಿನಿಂದ ತುಂಬಲಿ, ತಪ್ಪಾದದ್ದಕ್ಕೆ ಅಡ್ಡಗೆರೆ ಬೀಳಲಿ, ಆದರೆ ಓದುವಂತಿರಲಿ. ಅಂದಿನ ಅಂಕಿಗೆ ಅಂದೇ ಸಹಿಯಾಗಲಿ. ಕನ್ನಡದಲ್ಲಿ ಬರೆಯುತ್ತೇನೆ ಎನ್ನುವ ವಿದ್ಯಾರ್ಥಿಗೆ ಕನ್ನಡದಲ್ಲೇ ಬರೆಯಲು ಅವಕಾಶ ಸಿಗಲಿ.

ಮೂರನೆಯದಾಗಿ, ಸೆಮಿಸ್ಟರಿಗೆ ಹತ್ತು ಪ್ರಯೋಗಗಳ ಶಾಸ್ತ್ರ ಮುಗಿಸುವುದು ಬೇಡ, ಐದನ್ನೇ ನಿಜವಾಗಿ ಮಾಡಿಸಿ. ಅದರಲ್ಲಿ ಒಂದಕ್ಕಾದರೂ ಪುಸ್ತಕದಲ್ಲಿ ಉತ್ತರ ಇರದಿರಲಿ: ಊರ ಕೊಳವೆಬಾವಿಯ ನೀರಿನ ಗಡಸುತನ, ಅಂಗಡಿಯ ವಿನೆಗರ್‌ನಲ್ಲಿರುವ ಆಮ್ಲದ ಪ್ರಮಾಣ, ಕಾಲೇಜಿನ ಅಂಗಳದ ಮಣ್ಣು. ಉತ್ತರ ಮೊದಲೇ ಗೊತ್ತಿಲ್ಲದ ಕಡೆ ಅಡ್ಜಸ್ಟ್ ಮಾಡುವುದು ಯಾವುದಕ್ಕೆ? ನಾಲ್ಕನೆಯದು ಸರ್ಕಾರಕ್ಕೆ: ಕಾಯಂ ಅಧ್ಯಾಪಕರನ್ನು ನೇಮಿಸಿ, ಅಟೆಂಡರ್ ಹುದ್ದೆಗಳನ್ನು ತುಂಬಿ, ಅಧ್ಯಾಪಕರೊಬ್ಬರು ಪ್ರತಿ ಮೇಜಿನ ಬಳಿ ನಿಲ್ಲಲು ಆಗುವಷ್ಟು ಚಿಕ್ಕ ಬ್ಯಾಚು ಕೊಡಿ. ಲ್ಯಾಬಿನ ಗಂಟೆಗೆ ಪಾಠದ ಗಂಟೆಯಷ್ಟೇ ಬೆಲೆ ಕೊಡಿ. ಕೊನೆಯದು ನನ್ನಂಥ ಪರೀಕ್ಷಕರಿಗೆ: ಅರವತ್ತು ರೆಕಾರ್ಡಿನಲ್ಲಿ ಒಂದೇ ಅಂಕಿ ಕಂಡರೆ ಸಹಿ ಹಾಕಬೇಡಿ. ಕಾಲೇಜಿನವರು ಮುನಿಸಿಕೊಳ್ಳಲಿ, ಮುಂದಿನ ವರ್ಷ ಕರೆಯದಿರಲಿ.

ಈಗ ಆ ಹುಡುಗಿ ಅಳಿಸಿದ ಅಂಕಿಗಳ ಬಳಿಗೆ ಮರಳೋಣ. 50ಕ್ಕೆ 9.40, 80ಕ್ಕೆ 9.54, 100ಕ್ಕೆ 9.59. ದಾರ ಉದ್ದವಾದಂತೆ ಉತ್ತರ ಏರುತ್ತಿದೆ. ಕೈತಪ್ಪಿನಿಂದಾದರೆ ಅಂಕಿಗಳು ಅತ್ತಿತ್ತ ಚದುರುತ್ತಿದ್ದವು, ಹೀಗೆ ಸಾಲಾಗಿ ಏರುತ್ತಿರಲಿಲ್ಲ. ಇಲ್ಲೊಂದು ಕಾರಣ ಅಡಗಿ ಕೂತಿದೆ. ಅವಳು ಉದ್ದ ಅಳೆದದ್ದು ದಾರದ ಗಂಟಿನವರೆಗೆ. ಲೋಲಕದ ಉದ್ದವನ್ನು ಅಳೆಯಬೇಕಾದದ್ದು ಗುಂಡಿನ ನಡುವಿನವರೆಗೆ. ಕೊಕ್ಕೆ ಮತ್ತು ಗುಂಡಿನ ಅರ್ಧ ಸೇರಿ ಎರಡು ಸೆಂಟಿಮೀಟರ್ ಬಿಟ್ಟುಹೋಗಿದೆ. ಚಿಕ್ಕ ದಾರಕ್ಕೆ ಎರಡು ಸೆಂಟಿಮೀಟರ್ ದೊಡ್ಡ ನಷ್ಟ, ಉದ್ದ ದಾರಕ್ಕೆ ಸಣ್ಣದು. ಉದ್ದವನ್ನು 52, 82, 102 ಎಂದು ತಿದ್ದಿ ಲೆಕ್ಕ ಮಾಡಿ ನೋಡಿ: ಮೂರಕ್ಕೂ 9.78 ಬರುತ್ತದೆ.

ಗಮನಿಸಿ, 9.8 ಅಲ್ಲ, 9.78. ಭೂಮಧ್ಯರೇಖೆಗೆ ಹತ್ತಿರದ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರು ಸೀಮೆಯಲ್ಲಿ ಗುರುತ್ವದ ನಿಜವಾದ ಬೆಲೆ ಅದೇ. ತನ್ನ ಊರಿನ ನೆಲ ವಸ್ತುಗಳನ್ನು ಎಷ್ಟು ಬಲವಾಗಿ ಸೆಳೆಯುತ್ತದೆ ಎಂಬ ಸತ್ಯ ಆ ಮಗುವಿನ ಹರಿದ ಅಂಚಿನ ಪುಸ್ತಕದಲ್ಲಿ ಬಂದು ಕೂತಿತ್ತು. ಯಾರಾದರೂ ಹತ್ತು ನಿಮಿಷ ಅವಳ ಪಕ್ಕದಲ್ಲಿ ನಿಂತು, "ಎಲ್ಲಿಂದ ಎಲ್ಲಿಗೆ ಅಳೆದೆಯಮ್ಮ?" ಎಂದು ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ. ಅವಳ ಕೈಯಿಂದಲೇ ಅದನ್ನು ಅಳಿಸಿದೆವು.

ಮೇಷ್ಟ್ರೇ, ಮೇಡಂ, ನಾಳೆ ಬೆಳಿಗ್ಗೆಯೂ ಬ್ಯಾಚ್ ಇರುತ್ತದೆ. "ಸರ್, ಬರ್ತಾ ಇಲ್ಲ" ಎಂದು ಒಂದು ಮಗು ನಿಮ್ಮ ಮೇಜಿನ ಬಳಿ ಬಂದು ನಿಲ್ಲುತ್ತದೆ. ಆ ಮಗುವಿನ ಕೈಯಲ್ಲಿರುವ ರಬ್ಬರನ್ನು ತೆಗೆದಿಟ್ಟುಕೊಳ್ಳಿ. ಸ್ಕೇಲನ್ನು ಕೈಗೆ ಕೊಟ್ಟು, ಇನ್ನೊಮ್ಮೆ ಅಳೆಯೋಣ ಬಾ ಎನ್ನಿ.